ತೀವ್ರ ಆಹಾರ ಅಲರ್ಜಿಯ ಮಗುವಿಗೆ ನಳಿಕೆಯ ಮೂಲಕ ಪೋಷಣೆ: ತಂದೆತಾಯಿ ಮಾಡಬೇಕಾದದ್ದು

ಹಾಲು, ಮೊಟ್ಟೆ, ಗೋಧಿ, ಸೋಯಾ, ಕಡಲೆಕಾಯಿ ಎಂದು ಒಂದರ ಹಿಂದೆ ಒಂದು ಆಹಾರ ಒಗ್ಗದೆ ಹೋದಾಗ, ಮಗುವಿಗೆ ಕೊಡಬಹುದಾದದ್ದು ಕಡಿಮೆಯಾಗುತ್ತ ಬಂದು ತೂಕ ಏರುವುದೇ ನಿಂತುಬಿಡಬಹುದು. ಆಗ ವೈದ್ಯರು ನಳಿಕೆಯ ಮಾತೆತ್ತಿದರೆ ಅನೇಕ ತಂದೆತಾಯಿಯರು ಅದನ್ನು ತಮ್ಮ ಸೋಲೆಂದು ತಿಳಿಯುತ್ತಾರೆ. ಹಾಗೆ ತಿಳಿಯಬೇಕಾಗಿಲ್ಲ. ಪೋಷಣೆಯ ಹೊಣೆಯನ್ನು ನಳಿಕೆ ವಹಿಸಿಕೊಂಡರೆ, ಪ್ರತಿ ಹೊತ್ತಿನ ಒತ್ತಾಯ ಮತ್ತು ಅಳು ತಪ್ಪಿ, ಬಾಯಿಂದ ತಿನ್ನುವುದನ್ನು ನಿಧಾನವಾಗಿ ಕಲಿಯಲು ಮಗುವಿಗೆ ಬಿಡುವು ಸಿಗುತ್ತದೆ.

ಮೊದಲ ಕೆಲಸ ಅಲರ್ಜಿಯ ಬಗೆಯನ್ನು ತಿಳಿಯುವುದು. ತಿಂದ ಕೆಲವೇ ನಿಮಿಷಗಳಿಂದ 2 ಗಂಟೆಯೊಳಗೆ ದದ್ದು, ತುಟಿಯ ಊತ ಅಥವಾ ಉಬ್ಬಸ ಕಾಣಿಸಿದರೆ ಅದು ಸಾಮಾನ್ಯವಾಗಿ ಐಜಿಇ ಎಂಬ ಪ್ರತಿಕಾಯದಿಂದ (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನ್) ಬರುವ ಅಲರ್ಜಿ. 1ರಿಂದ 4 ಗಂಟೆಯ ನಂತರ ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡು ಮಂಕಾಗುವ ಇನ್ನೊಂದು ಬಗೆಯಿದೆ. ಅದು ಚರ್ಮದ ಅಥವಾ ರಕ್ತದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಅನ್ನನಾಳದಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಸೇರಿ ಉಂಟಾಗುವ ಉರಿಯೂತವನ್ನು ಖಚಿತಪಡಿಸಲು ಎಂಡೋಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ಒಳಗೆ ನೋಡುವುದು) ಮತ್ತು ಬಯಾಪ್ಸಿ (ಅಂಗಾಂಶದ ಚೂರು ತೆಗೆದು ಪರೀಕ್ಷಿಸುವುದು) ಬೇಕಾಗುತ್ತದೆ. ಆದ್ದರಿಂದ ಮಗು ಏನು, ಎಷ್ಟು, ಯಾವಾಗ ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಬರೆದಿಡಬೇಕು. ಪರೀಕ್ಷೆಯ ಫಲಿತಾಂಶವೊಂದನ್ನೇ ನೋಡಿ, ಮಗು ತೊಂದರೆಯಿಲ್ಲದೆ ತಿನ್ನುತ್ತಿದ್ದ ಆಹಾರವನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಕೂಡದು. ಬೇಡದ ಪಥ್ಯವೂ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ.

ತುರ್ತು ಯೋಜನೆಯನ್ನು ವೈದ್ಯರಿಂದ ಬರೆಸಿಕೊಂಡು ಎಲ್ಲರ ಕಣ್ಣಿಗೆ ಬೀಳುವಲ್ಲಿ ಅಂಟಿಸಬೇಕು. ಉಸಿರಾಟದ ತೊಂದರೆ, ದನಿ ಗೊಗ್ಗರಾಗುವುದು, ಮಗು ಜೋತುಬೀಳುವುದು ಅನಾಫಿಲ್ಯಾಕ್ಸಿಸ್‌ನ, ಅಂದರೆ ಜೀವಕ್ಕೆ ಅಪಾಯ ತರುವ ತೀವ್ರ ಅಲರ್ಜಿ ಪ್ರತಿಕ್ರಿಯೆಯ, ಲಕ್ಷಣಗಳು. ಆಗ ತಡಮಾಡದೆ ತೊಡೆಯ ಹೊರಮಗ್ಗುಲಿನ ನಡುಭಾಗಕ್ಕೆ ಅಡ್ರಿನಾಲಿನ್ ಚುಚ್ಚಿ, ಆಂಬುಲೆನ್ಸ್ ಕರೆಸಬೇಕು. ಮಗುವನ್ನು ಮಲಗಿಸಬೇಕು, ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಕೂರಿಸಬಹುದು, ನಿಲ್ಲಿಸಬಾರದು, ನಡೆಸಬಾರದು. 5 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ, ಯೋಜನೆಯಲ್ಲಿ ಸೂಚಿಸಿರುವಂತೆ ಎರಡನೆಯ ಡೋಸ್ ಕೊಡಬೇಕಾಗುತ್ತದೆ. ತುರಿಕೆಯ ಔಷಧಿ ಅಡ್ರಿನಾಲಿನ್‌ಗೆ ಬದಲಿಯಲ್ಲ.

ಇನ್ನು ನಳಿಕೆ. ಕೆಲವು ವಾರಗಳ ಮಟ್ಟಿಗಾದರೆ ಮೂಗಿನಿಂದ ಹೊಟ್ಟೆಗೆ ಹೋಗುವ ನಳಿಕೆ ಸಾಕು; ತಿಂಗಳುಗಟ್ಟಲೆ ಬೇಕೆನಿಸಿದರೆ ಹೊಟ್ಟೆಯ ಮೇಲಿಂದ ನೇರವಾಗಿ ಅಳವಡಿಸುವ ಗ್ಯಾಸ್ಟ್ರೊಸ್ಟಮಿಯನ್ನು ಸೂಚಿಸುತ್ತಾರೆ. ಇಲ್ಲಿ ಅನೇಕರ ಗಮನಕ್ಕೆ ಬಾರದ ಸಂಗತಿಯೆಂದರೆ, ನಳಿಕೆಯಲ್ಲಿ ಕೊಡುವ ಸಿದ್ಧ ಆಹಾರಗಳಲ್ಲಿ ಹೆಚ್ಚಿನವು ಹಾಲಿನ ಪ್ರೋಟೀನಿನಿಂದಲೇ ಮಾಡಿದವು, ಅಲರ್ಜಿಗೆ ಕಾರಣವಾದ ವಸ್ತು ಯಾವ ದಾರಿಯಿಂದ ಹೊಟ್ಟೆ ಸೇರಿದರೂ ಅಪಾಯವೇ. ತೀವ್ರ ಅಲರ್ಜಿಯಿರುವ ಮಕ್ಕಳಿಗಾಗಿ ಅಮೈನೊ ಆಮ್ಲಗಳಿಂದ (ಪ್ರೋಟೀನಿನ ಅತಿ ಸಣ್ಣ ಘಟಕಗಳು) ತಯಾರಿಸಿದ ಫಾರ್ಮುಲಾ ಇದೆ. ಪ್ರಮಾಣವನ್ನು ಆಹಾರತಜ್ಞರು ನಿಗದಿಪಡಿಸಬೇಕು. ಡಬ್ಬ ಬದಲಾದಾಗಲೆಲ್ಲ, ಔಷಧಿ ಬಂದಾಗಲೆಲ್ಲ ಲೇಬಲ್ ಓದಬೇಕು.

ಮೂಗಿನ ನಳಿಕೆಯಲ್ಲಿ ಆಹಾರ ಬಿಡುವ ಮುನ್ನ ಪ್ರತಿ ಸಲವೂ ಅದು ಹೊಟ್ಟೆಯಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ಮೂಗಿನ ಬಳಿಯ ಗುರುತು ಸರಿದಿಲ್ಲವೆಂದು ನೋಡಿ, ಸಿರಿಂಜಿನಿಂದ ತುಸು ದ್ರವ ಎಳೆದು, ಆಮ್ಲೀಯತೆ ಅಳೆಯುವ ಪಿಎಚ್ ಪಟ್ಟಿಯ ಮೇಲೆ ಹಾಕಿದಾಗ ಅಂಕಿ ಆಸ್ಪತ್ರೆಯವರು ಹೇಳಿದ ಮಿತಿಯೊಳಗೆ, ಸಾಮಾನ್ಯವಾಗಿ 5.5 ಅಥವಾ ಅದಕ್ಕಿಂತ ಕಡಿಮೆ, ಇರಬೇಕು. ಗಾಳಿ ಊದಿ ಸದ್ದು ಆಲಿಸುವ ಹಳೆಯ ಪದ್ಧತಿಯನ್ನು ನಂಬಬಾರದು. ಅನುಮಾನವಿದ್ದರೆ ಆಹಾರ ಬಿಡಲೇಬಾರದು. ಆಹಾರ ಹೋಗುತ್ತಿರುವಾಗಲೂ ನಂತರ ಅರ್ಧ ಗಂಟೆಯಾದರೂ ಮಗುವಿನ ತಲೆ ಎತ್ತರದಲ್ಲಿರಲಿ. ಕೆಮ್ಮು ಬಂದರೆ, ಮುಖ ನೀಲಿಗಟ್ಟಿದರೆ ತಕ್ಷಣ ನಿಲ್ಲಿಸಿ ಸಹಾಯ ಕೋರಬೇಕು. ಆಹಾರದ ಮೊದಲು, ನಂತರ, ಔಷಧಿಯ ಬಳಿಕ ಹೇಳಿದಷ್ಟು ನೀರು ಹಾಯಿಸಿದರೆ ನಳಿಕೆ ಕಟ್ಟಿಕೊಳ್ಳುವುದಿಲ್ಲ. ಗ್ಯಾಸ್ಟ್ರೊಸ್ಟಮಿ ನಳಿಕೆ ಕಳಚಿ ಬಿದ್ದರೆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಳಿಕೆ ಬಂದಿತೆಂದು ಬಾಯಿಯನ್ನು ಮರೆಯುವುದು ದೊಡ್ಡ ತಪ್ಪು. ರುಚಿ, ಸ್ಪರ್ಶ ಕಾಣದೆ ತಿಂಗಳುಗಳು ಕಳೆದರೆ ಮಗು ಚಮಚವನ್ನು ಕಂಡರೇ ಮುಖ ತಿರುಗಿಸಬಹುದು. ಮನೆಯವರು ಊಟಕ್ಕೆ ಕುಳಿತಾಗ ಮಗುವೂ ಜೊತೆಗಿರಲಿ. ನುಂಗುವುದು ಕ್ಷೇಮವೆಂದು ವೈದ್ಯರು ಹೇಳಿದ್ದರೆ, ಒಗ್ಗುವ ಆಹಾರವನ್ನು ಮುಟ್ಟಿ, ಹಿಚುಕಿ, ನೆಕ್ಕಿ ನೋಡಲು ಬಿಡಬೇಕು, ಬಲವಂತ ಬೇಡ. ಊಟದ ಜಾಗ ಮತ್ತು ಎಲ್ಲರ ಕೈಗಳನ್ನು ಸೋಪು, ನೀರಿನಿಂದ ತೊಳೆಯಬೇಕು. ಸ್ಯಾನಿಟೈಸರ್ ಅಲರ್ಜಿಕಾರಕ ಪ್ರೋಟೀನನ್ನು ತೊಲಗಿಸುವುದಿಲ್ಲ.

ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ ಚುಚ್ಚುಮದ್ದು ಕೊಡುವುದನ್ನೂ ನಳಿಕೆಯ ಸ್ಥಾನ ಪರೀಕ್ಷಿಸುವುದನ್ನೂ ಕೈಯಾರೆ ಮಾಡಿ ಕಲಿತಿರಬೇಕು, ಇಲ್ಲವಾದರೆ ಇಡೀ ಭಾರ ತಾಯಿಯೊಬ್ಬಳ ಮೇಲೆ ಬೀಳುತ್ತದೆ. ಬಿಟ್ಟ ಆಹಾರವನ್ನು ಮತ್ತೆ ಕೊಟ್ಟು ನೋಡುವುದು ವೈದ್ಯರ ಸಲಹೆಯಂತೆ ಮಾತ್ರ, ತೀವ್ರ ಪ್ರತಿಕ್ರಿಯೆಯ ಭಯವಿದ್ದರೆ ಆಸ್ಪತ್ರೆಯಲ್ಲಿಯೇ. ಬಾಯಿಂದ ಹೋಗುವ ಪ್ರಮಾಣ ಹೆಚ್ಚಿದಂತೆ ನಳಿಕೆಯ ಆಹಾರವನ್ನು ತಂಡದವರು ಹಂತಹಂತವಾಗಿ ತಗ್ಗಿಸುತ್ತಾರೆ. ನಳಿಕೆಯನ್ನು ಬಳಸದೆಯೇ ತೂಕ ಏರುತ್ತ ಸಾಗಿ, ನೆಗಡಿ ಜ್ವರದ ದಿನಗಳಲ್ಲಿಯೂ ಮಗು ಸಾಕಷ್ಟು ತಿಂದು ಕುಡಿಯುತ್ತಿದೆಯೆಂದು ಕಂಡ ಮೇಲಷ್ಟೇ ಅದನ್ನು ತೆಗೆಯುತ್ತಾರೆ.