ಹಳೆಯ ಮುಂಗೋಡೆ ಉಳಿಸಿ ಹಿಂದೆ ಅಪಾರ್ಟ್‌ಮೆಂಟ್ ಕಟ್ಟುವಾಗ ಬಾಲ್ಕನಿ ಎಲ್ಲಿ, ಹೇಗೆ?

ಪಾರಂಪರಿಕ ಕಟ್ಟಡದ ಮುಂಗೋಡೆಯನ್ನಷ್ಟೇ ಉಳಿಸಿ ಹಿಂದೆ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಬಾಲ್ಕನಿಯೇ ದೊಡ್ಡ ತಕರಾರು. ಮನೆ ಕೊಳ್ಳುವವರಿಗೆ ಅದು ಬೇಕು, ಗೋಡೆಗೆ ಬೇಡ. ಹಳೆಯ ಗೋಡೆ ತನ್ನ ತೂಕವನ್ನು ಮಾತ್ರ ಹೊರಬೇಕು, ಬಾಲ್ಕನಿಯ ಒಂದು ಬೋಲ್ಟ್ ಕೂಡ ಅದರೊಳಗೆ ಹೋಗಕೂಡದು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಕೆಡವುವ ಮೊದಲು

ಗೋಡೆಯ ದಪ್ಪ, ವಾಲಿಕೆ, ಬಿರುಕು, ಒಳಗೆ ಹುದುಗಿರುವ ಕಬ್ಬಿಣದ ತೊಲೆ, ಪ್ರತಿ ಕಿಟಕಿಯ ಕೆಳಮಟ್ಟ ಮತ್ತು ಮೇಲ್ಮಟ್ಟ ಅಳೆದು ನಕ್ಷೆಗೆ ಹಾಕಿ. ಹಳೆಯ ಅಂತಸ್ತು 4 ಮೀಟರ್, ಹೊಸದು 3 ಮೀಟರ್ ಇದ್ದರೆ ಸ್ಲ್ಯಾಬ್ ಕಿಟಕಿಯ ನಡುವೆ ಅಡ್ಡ ಬರುತ್ತದೆ, ಬೀದಿಯಿಂದ ಕಾಣುತ್ತದೆ. ಅಂಥ ಕಡೆ ಸ್ಲ್ಯಾಬನ್ನು ಹಿಂದಕ್ಕೆಳೆಯಿರಿ, ಇಲ್ಲವೇ ಮುಂದಿನ ಕೋಣೆಗಳ ಮಟ್ಟವನ್ನೇ ಹಳೆಯದಕ್ಕೆ ಹೊಂದಿಸಿ. ಇದನ್ನು ಕಾಗದದ ಮೇಲೆ ಬಗೆಹರಿಸದಿದ್ದರೆ ಆಮೇಲೆ ಸರಿಪಡಿಸಲು ದಾರಿಯೇ ಇರುವುದಿಲ್ಲ.

ಒಳಗಿನ ಮಹಡಿಗಳೇ ಗೋಡೆಯನ್ನು ಹಿಡಿದು ನಿಲ್ಲಿಸಿರುತ್ತವೆ. ಆದ್ದರಿಂದ ಆಸರೆಯ ಉಕ್ಕಿನ ಚೌಕಟ್ಟು ಪೂರ್ತಿ ನಿಂತ ಮೇಲೆಯೇ ಮಹಡಿ ಬಿಚ್ಚಬೇಕು. ಗೋಡೆಗೆ ರಂಧ್ರ ಕೊರೆಯುವ ಬದಲು ಕಿಟಕಿಗಳ ಮೂಲಕ ತೊಲೆ ತೂರಿಸಿ, ಎರಡೂ ಬದಿಗೆ ಮರದ ಹಲಗೆ ಕೊಟ್ಟು ಬಿಗಿಯಿರಿ. ಗಾಳಿಗೆ ಚೌಕಟ್ಟು ಮಗುಚದಂತೆ ಬುಡಕ್ಕೆ ಕಾಂಕ್ರೀಟ್ ತೂಕ ಬೇಕು. ಚಾವಣಿ ಹೋದ ದಿನವೇ ಗೋಡೆಯ ತಲೆ ಮುಚ್ಚಿ. ಅಲ್ಲಿಂದ ಇಳಿದ ನೀರು ಒಳಗಿನ ಗಾರೆಯನ್ನು ಕರಗಿಸುತ್ತದೆ.

ಹೊಸದಕ್ಕೆ ಕಟ್ಟುವುದು

ಹೊಸ ಕಾಂಕ್ರೀಟ್ ಒಣಗುತ್ತಾ, ಭಾರಕ್ಕೆ ಕುಗ್ಗುತ್ತಾ ವರ್ಷಗಟ್ಟಲೆ ಅಲ್ಪಸ್ವಲ್ಪ ಇಳಿಯುತ್ತದೆ. ಹಳೆಯ ಗೋಡೆ ಇಳಿಯುವಷ್ಟು ಎಂದೋ ಇಳಿದಾಗಿದೆ. ಎರಡನ್ನೂ ಬಿಗಿಯಾಗಿ ಬೆಸೆದರೆ ಗೋಡೆಯಲ್ಲಿ ಅಡ್ಡ ಬಿರುಕು ಖಂಡಿತ. ಗೋಡೆಯನ್ನು ಹೊಸ ಕಟ್ಟಡಕ್ಕೆ ಹಿಡಿಸಲು ಪ್ರತಿ ಸ್ಲ್ಯಾಬ್ ಮಟ್ಟದಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳನ್ನು ಬಳಸಿ. ಅವುಗಳ ಬೋಲ್ಟ್ ರಂಧ್ರ ಮೇಲಿಂದ ಕೆಳಕ್ಕೆ ಉದ್ದವಾಗಿರಲಿ. ಗೋಡೆ ಹಿಂದೆ ಮುಂದೆ ವಾಲಬಾರದು, ಮೇಲೆ ಕೆಳಗೆ ಜಾರಬಹುದು. ಸಾಮಾನ್ಯ ಕಬ್ಬಿಣ ಬೇಡವೇ ಬೇಡ: ತುಕ್ಕು ಉಬ್ಬಿ ಕಲ್ಲನ್ನೇ ಸೀಳುತ್ತದೆ.

ಬಾಲ್ಕನಿಯ ಜಾಗ

ಮುಂಗೋಡೆಯ ನೆತ್ತಿಗಿಂತ ಮೇಲಿನ ಅಂತಸ್ತುಗಳನ್ನು ಹಿಂದಕ್ಕೆ ಸರಿಸಿ, ಸಿಕ್ಕ ಜಾಗದಲ್ಲಿ ತೆರೆದ ಅಂಗಳ ಮಾಡುವುದು ಎಲ್ಲಕ್ಕಿಂತ ಸುರಕ್ಷಿತ. ಹಿಂಬದಿಯ ಬಾಲ್ಕನಿಗೂ ತೊಂದರೆಯಿಲ್ಲ. ಆದರೆ ಅಲ್ಲಿ ಸ್ಲ್ಯಾಬ್ ಹೊರಚಾಚಿದ್ದರೆ ಮುಖ್ಯ ಕಂಬಿ ಮೇಲ್ಪದರದಲ್ಲೇ ಇರಬೇಕು, ಚಾಚಿದ ಉದ್ದದ ಕನಿಷ್ಠ ಒಂದೂವರೆ ಪಟ್ಟು ಒಳಕ್ಕೆ ಹೋಗಬೇಕು. ಕಾಂಕ್ರೀಟ್ ಸುರಿಯುವಾಗ ಕೆಲಸಗಾರರು ತುಳಿದು ಆ ಕಂಬಿ ಕೆಳಗಿಳಿದರೆ ಬಾಲ್ಕನಿ ಬೀಳುವುದು ಅಲ್ಲಿಂದಲೇ. ಆಸರೆ ತೆಗೆಯುವಾಗ ತುದಿಯಿಂದ ಶುರು ಮಾಡಿ ಗೋಡೆಯ ಕಡೆಗೆ ಬನ್ನಿ.

ಕಷ್ಟವಿರುವುದು ಮೂರನೆಯ ದಾರಿಯಲ್ಲಿ: ಹಳೆಯ ಕಿಟಕಿಯ ಬಾಗಿಲು ತೆಗೆದು, ತೆರಪಿನ ಹಿಂದೆ ಒಳಸರಿದ ಬಾಲ್ಕನಿ. ಎಲ್ಲ ಕಿಟಕಿಗೂ ಹೀಗೆ ಮಾಡಿದರೆ ಮುಂಗೋಡೆ ನಾಟಕದ ಪರದೆಯಂತೆ ಕಾಣುತ್ತದೆ; ಹೆಚ್ಚಿನ ಕಿಟಕಿಗಳನ್ನು ಹಾಗೇ ಉಳಿಸಿಕೊಳ್ಳುವುದೇ ಮೇಲು. ಮಾಡುವ ಕಡೆಯಾದರೂ, ಇಷ್ಟು ಕಾಲ ಮನೆಯೊಳಗಿದ್ದ ಗೋಡೆಯ ಹಿಂಬದಿ ಇನ್ನು ಮಳೆಗೆ ಬೀಳುತ್ತದೆ ಎಂಬುದು ನೆನಪಿರಲಿ. ಅಲ್ಲಿನ ಇಟ್ಟಿಗೆ ಹಲವೊಮ್ಮೆ ಮೆತ್ತಗಿರುತ್ತದೆ. ಕಿಟಕಿಯ ಕಮಾನಿನ ಹಿಂದೆ ಮರದ ತೊಲೆಯಿದ್ದರೆ ಅದು ಕೊಳೆಯುತ್ತದೆ, ಮೊದಲೇ ಬದಲಿಸಿ. ಹಿಂಬದಿಗೆ ಸುಣ್ಣದ ಗಾರೆ, ಮೇಲೆ ಸುಣ್ಣ ಬಳಿಯಿರಿ. ಅಕ್ರಿಲಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಸ್ಲ್ಯಾಬ್ ಹಳೆಯ ಗೋಡೆಯನ್ನು ಮುಟ್ಟದೆ ನಿಲ್ಲಲಿ. ಅದರ ಅಂಚಿಗೆ 150 ಮಿಲಿಮೀಟರ್ ಎತ್ತರದ ಕಟ್ಟೆ ಕಟ್ಟಿ, ವಾಟರ್‌ಪ್ರೂಫಿಂಗ್ ಪದರವನ್ನು ಅದರ ತಲೆಯವರೆಗೂ ಏರಿಸಿ. ಕಟ್ಟೆಗೂ ಗೋಡೆಗೂ ನಡುವಿನ ಸಂದಿಗೆ ಲೋಹದ ತಗಡು ಮುಚ್ಚಿ. ತಗಡಿನ ಮೊಳೆ ಹೊಸ ಬದಿಗೆ ಮಾತ್ರ. ನೆಲದ ವಾಟ ಬಾಗಿಲಿನಿಂದ ಆಚೆಗೆ, 80ಕ್ಕೆ 1ರಂತೆ ಇರಲಿ: 1.6 ಮೀಟರ್ ಆಳಕ್ಕೆ 20 ಮಿಲಿಮೀಟರ್. ಕಟ್ಟೆಯ ಬುಡದಲ್ಲಿ ಕಾಲುವೆ, ಅದಕ್ಕೆ ಎರಡು ನೀರುಕಂಡಿ, ಜೊತೆಗೆ ಬಾಗಿಲ ಹೊಸ್ತಿಲಿಗಿಂತ ಕೆಳಗೆ ಒಂದು ತುಂಬಿಹರಿವಿನ ಕೊಳವೆ. ಒಂದೇ ಕಂಡಿ ಇಟ್ಟರೆ ಎಲೆ ಕಟ್ಟಿದ ದಿನ ನೀರು ಮನೆಯೊಳಗೆ.

ಹಳೆಯ ಕಿಟಕಿಕಟ್ಟೆ ಹೊಸ ನೆಲದಿಂದ 600–750 ಮಿಲಿಮೀಟರ್ ಎತ್ತರವಷ್ಟೇ ಇರಬಹುದು. ರೇಲಿಂಗ್ ಸಾಮಾನ್ಯವಾಗಿ 1,100 ಇರಬೇಕು, ಸರಳುಗಳ ನಡುವೆ 100ಕ್ಕಿಂತ ಕಡಿಮೆ ಅಂತರ. ಸ್ಥಳೀಯ ನಿಯಮ ನೋಡಿಕೊಳ್ಳಿ. ರೇಲಿಂಗನ್ನು ಹೊಸ ಕಟ್ಟೆಯ ಪಕ್ಕಕ್ಕೆ ಕೂರಿಸಿ, ನೆಲದ ವಾಟರ್‌ಪ್ರೂಫಿಂಗ್ ತೂತು ಮಾಡಬೇಡಿ. ಗಾಢ ಬಣ್ಣ ಕೊಟ್ಟರೆ ಬೀದಿಯಿಂದ ಕಣ್ಣಿಗೆ ಬೀಳುವುದಿಲ್ಲ.

ಟೈಲ್ಸ್ ಹಾಕುವ ಮೊದಲು ಕಂಡಿ ಮುಚ್ಚಿ 24ರಿಂದ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಚಾವಣಿ ನೋಡಿ.

ಸಂದು ತುಂಬುವುದು ಕೊನೆಗೆ

ಹಳೆಯ ಗೋಡೆಯ ಇಟ್ಟಿಗೆಗಳ ನಡುವೆ ಸಡಿಲವಾದ ಗಾರೆಯನ್ನು ಸಂದಿನ ಅಗಲದ ಎರಡು ಪಟ್ಟು ಆಳಕ್ಕೆ ಕೈಉಳಿಯಿಂದ ತೆಗೆಯಿರಿ. ಗ್ರೈಂಡರ್ ಇಟ್ಟಿಗೆಯ ಅಂಚು ತಿನ್ನುತ್ತದೆ. ಸಿಮೆಂಟ್ ಬೇಡ: ಅದು ಇಟ್ಟಿಗೆಗಿಂತ ಗಟ್ಟಿ, ಆಗ ತೇವ ಇಟ್ಟಿಗೆಯಿಂದಲೇ ಹೊರಬಂದು ಮುಖ ಉದುರುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನಿಂದ ಶುರು ಮಾಡಿ, ಹಳೆಯ ಗಾರೆಯ ಮಾದರಿಗೆ ಹೊಂದಿಸಿ. ಸಂದು ಒದ್ದೆ ಮಾಡಿ ತುಂಬಿ, ಒದ್ದೆ ಗೋಣಿತಾಟಿನಲ್ಲಿ ಕನಿಷ್ಠ ಮೂರು ದಿನ ಮುಚ್ಚಿಡಿ. ಬಿಸಿಲು ಗಾಳಿ ಜೋರಿದ್ದರೆ ಒಂದು ವಾರ.