ಮಕ್ಕಳ ಸೈಕಲ್ ಟ್ಯೂಬಿನ ಮೇಲೆ ಕೂತ ಪ್ಲೇಯರ್

ಮೂರು ವಾರದಿಂದ ನಮ್ಮ ರೆಕಾರ್ಡ್ ಪ್ಲೇಯರಿನ ಮುಳ್ಳು ಒಂದು ಸಲವೂ ಹಾರಿಲ್ಲ. ನಿನ್ನೆ ಸಂಜೆ ಮೊಮ್ಮಗನನ್ನು ಪಕ್ಕದಲ್ಲೇ ನಿಲ್ಲಿಸಿ ಕುಣಿಸಿದೆ, ವೀಣೆ ತನ್ನ ಪಾಡಿಗೆ ನುಡೀತಾ ಇತ್ತು. "ಟ್ಯೂಬಿನ ಮೇಲೆ ಪ್ಲೇಯರಾ ಸಾರ್?" ಅಂದಿದ್ದ ಗೆಳೆಯರು ಅಲ್ಲೇ ಕೂತು ಎರಡು ಬದಿ ಕೇಳಿ ಎದ್ದರು.

ಅಗ್ರಹಾರದ ಹಳೇ ಮನೆ ನಮ್ಮದು. ಮಹಡಿಗೆ ಮರದ ತೊಲೆ, ಮೇಲೆ ಹಲಗೆ. ಯಾರಾದರೂ ಮೆಟ್ಟಿಲು ಹತ್ತಿ ಬಂದು ಕಾಲಿಟ್ಟರೆ ಸಾಕು, ಮುಳ್ಳು ನಾಲ್ಕು ಗೆರೆ ಆಚೆ. ಅದುರು ತಡೆಯೋ ಸ್ಪ್ರಿಂಗ್ ಒಳಗಿಲ್ಲದ, ಬೆಲ್ಟಿನಿಂದ ತಿರುಗೋ ಪ್ಲೇಯರ್, ಆರು ಕೆ.ಜಿ. ಇರಬಹುದು.

ಮೊದಲು ಪ್ಲೇಯರಿನಡಿ ಹಿತ್ತಾಳೆ ಸ್ಪೈಕ್, ಅಂದರೆ ಚೂಪು ಕಾಲು, ಹಾಕಿದೆ, 1,800 ರೂಪಾಯಿ. ನೆಲದ ಅದುರು ಇನ್ನೂ ನೇರವಾಗಿ ಮೇಲೆ ಬಂತು. ಆಮೇಲೆ ಗೋಡೆಗೆ ಬ್ರ್ಯಾಕೆಟ್. ಮಣ್ಣಿನ ಗೋಡೆ, ಡ್ರಿಲ್ ಇಟ್ಟ ಕಡೆ ಬೊಗಸೆಯಷ್ಟು ಉದುರಿತು. ಬ್ರ್ಯಾಕೆಟ್, ಗಾರೆಯವರ ಕೂಲಿ ಎಲ್ಲಾ ಸೇರಿ ಎರಡೂವರೆ ಸಾವಿರ ನೀರಿಗೆ ಹೋಯಿತು. ಮರಳು ತುಂಬಿದ ಟ್ರೇ ಭಾರವಾಯಿತೇ ಹೊರತು ಅದುರು ತಡೆಯಲಿಲ್ಲ. ಟೆನಿಸ್ ಬಾಲ್ ಅರ್ಧ ಕತ್ತರಿಸಿ ಇಟ್ಟದ್ದು ಸ್ವಲ್ಪ ವಾಸಿ, ತಿಂಗಳಲ್ಲಿ ಒಂದು ಕಡೆ ಕುಸಿಯಿತು.

ಕೊನೆಗೆ ಕಲ್ಲಿನ ಅಂಗಡಿಯಲ್ಲಿ ಅಡುಗೆಮನೆ ಕಟ್ಟೆಗೆ ಕತ್ತರಿಸಿ ಉಳಿದ ಕರಿ ಗ್ರಾನೈಟ್ ತುಂಡು, ಒಂದೂವರೆ ಅಡಿಗೆ ಒಂದೂಕಾಲು ಅಡಿ, 400 ರೂಪಾಯಿಗೆ ಸಿಕ್ಕಿತು. ಹತ್ತು ಕೆ.ಜಿ. ಮೇಲೇ ತೂಗುತ್ತೆ. ಅದರಡಿ 12 ಇಂಚಿನ ಮಕ್ಕಳ ಸೈಕಲ್ ಟ್ಯೂಬ್, 150. ಟ್ಯೂಬಿನ ಮೂತಿ ಒಳಮುಖವಾಗಿ ಬರುತ್ತೆ, ಪಂಪ್ ಸಿಕ್ಕಿಸಲು ಟ್ಯೂಬಿನ ಕೆಳಗೆ ಇಡೋ ಹಲಗೆಗೆ ತೂತು ಕೊರೆಸಿ.

ಗಾಳಿಯಲ್ಲೇ ಇರೋದು ಎಲ್ಲಾ. ಮೊದಲ ದಿನ ಟ್ಯೂಬ್ ಗಟ್ಟಿಯಾಗಿ ಉಬ್ಬಿಸಿದೆ, ಮೊದಲಿಗಿಂತ ಕೆಟ್ಟಿತು. ಮುಳ್ಳು ಹಿಡಿದಿರೋ ಕೈ, ಅಂದರೆ ಆರ್ಮ್, ಬಹುತೇಕ ತಾನೇ ತೂಗಾಡೋದು ಸೆಕೆಂಡಿಗೆ ಹತ್ತರ ಆಸುಪಾಸು ಸಲ; ಕಲ್ಲು ಓಲಾಡೋ ಲೆಕ್ಕ ಅದರ ಹತ್ತಿರಕ್ಕೂ ಹೋಗಬಾರದು. ಕಲ್ಲನ್ನು ಬೆರಳಲ್ಲಿ ಒತ್ತಿ ಬಿಟ್ಟು, ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದು ಎಣಿಸಿದೆ. ಗಟ್ಟಿ ಟ್ಯೂಬಿನಲ್ಲಿ ಸೆಕೆಂಡಿಗೆ ಏಳು, ಗಾಳಿ ಬಿಡುತ್ತಾ ಬಿಡುತ್ತಾ ಮೂರಕ್ಕೆ ಇಳಿಯಿತು. ಅದಕ್ಕಿಂತ ಬಿಟ್ಟರೆ ಕಲ್ಲು ಹಲಗೆಗೆ ತಾಗುತ್ತೆ. ಪಕ್ಕದಿಂದ ಟಾರ್ಚ್ ಹಾಕಿದರೆ ಸುತ್ತಲೂ ಬೆರಳಗಲ ಬೆಳಕು ಕಾಣಬೇಕು.

ಕಲ್ಲು ಬಹಳ ಹೊತ್ತು ಓಲಾಡದ ಹಾಗೆ ಟ್ಯೂಬಿನೊಳಗೆ ಒಂದು ಸಾಮಾನು ಹಾಕಿದ್ದೀನಿ. ಅದೇನು ಅಂತ ಸದ್ಯಕ್ಕೆ ಹೇಳಲ್ಲ. ಆರ್ಮ್ ಕಡೆ ಭಾರ ಜಾಸ್ತಿ, ರಸಮಟ್ಟ ಇಟ್ಟುಕೊಂಡು ಪ್ಲೇಯರನ್ನೇ ಕಲ್ಲಿನ ಮೇಲೆ ಅತ್ತಿತ್ತ ಸರಿಸಿ ಸಮ ಮಾಡಿದೆ. ಎರಡು ವಾರಕ್ಕೊಮ್ಮೆ ಎರಡು ಪಂಪ್ ಗಾಳಿ ಬೇಕು.

ಇನ್ನೊಂದು ಪ್ರಯೋಗವೂ ಆಯಿತು. ತಿರುಗದೆ ನಿಂತ ಪ್ಲೇಟಿನ ಮೇಲೆ ಮುಳ್ಳಿಟ್ಟು, ವಾಲ್ಯೂಮ್ ಏರಿಸಿ, ಇದೆಲ್ಲಾ ಕೂತಿರೋ ಬೀರು ತಟ್ಟಿದೆ. ಮೊದಲು ಮದ್ದಳೆ ಹೊಡೆದ ಹಾಗೆ ಕೇಳುತ್ತಿತ್ತು, ಈಗ ಕಿವಿಗೊಟ್ಟರೆ ಮಾತ್ರ. ಸ್ಪೀಕರನ್ನು ಅದೇ ಬೀರುವಿನಿಂದ ಇಳಿಸಿದ ಮೇಲೆ ಮಂದ್ರದ ತಂತಿ ಇನ್ನೂ ಬಿಡಿಬಿಡಿಯಾಗಿ ಕೇಳಿಸಿತು.

ಮಂಡಿ ಮೊಹಲ್ಲಾದ ಗೆಳೆಯರೂ ಈಗ ಕಲ್ಲು ಕತ್ತರಿಸಲು ಕೊಟ್ಟಿದ್ದಾರೆ. ಅವರ ಪ್ಲೇಯರ್ 12 ಕೆ.ಜಿ., ಅದಕ್ಕೆ ಸ್ಕೂಟರ್ ಟ್ಯೂಬೇ ತನ್ನಿ ಅಂದಿದ್ದೀನಿ. ಭಾನುವಾರ ಹೋಗಿ ಗಾಳಿ ನಾನೇ ಹೊಡೀತೀನಿ.