ಗಣಿಯ ಹುಳಿನೀರಿಗೆ ಕಾರ್ಬೈಡ್ ಸುಣ್ಣ, ಉಕ್ಕಿನ ಕಿಟ್ಟ

ಗದಗ ಸೀಮೆಯ ಚಿನ್ನದ ಅದಿರಿನಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಜೊತೆ, ಆರ್ಸೆನಿಕ್ ಕೂಡ ಇರುವ ಆರ್ಸೆನೋಪೈರೈಟ್ ಇದೆ. ಇಂಥ ಕಲ್ಲು ಗಾಳಿ, ನೀರಿಗೆ ತೆರೆದುಕೊಂಡರೆ ಗಂಧಕಾಮ್ಲ ಹುಟ್ಟುತ್ತದೆ. ಸುತ್ತಲಿನ ಕಲ್ಲಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಹುಳಿ ಅಲ್ಲೇ ಸಾಯುತ್ತದೆ. ಇಲ್ಲದಿದ್ದರೆ ಲೋಹಗಳನ್ನು ಕರಗಿಸಿಕೊಂಡು ಹೊರಗೆ ಹರಿಯುತ್ತದೆ. ಹಳ್ಳದ ತಳದಲ್ಲಿ ಕಾವಿ ಬಣ್ಣದ ಗಸಿ ಕೂತರೆ ಪಿಎಚ್ (ಹುಳಿ-ಕ್ಷಾರದ ಅಳತೆ; 7ರ ಕೆಳಗೆ ಹುಳಿ, ಮೇಲೆ ಕ್ಷಾರ) ನೋಡಲೇಬೇಕು.

ಈ ನೀರಿಗೆ ಬೇಕಾದ ಕ್ಷಾರ ಕಾರ್ಖಾನೆಗಳ ಕಸದಲ್ಲೇ ಸಿಗುತ್ತದೆ. ಅಸಿಟಿಲೀನ್ ಅನಿಲ ತಯಾರಿಸುವಲ್ಲಿ ಉಳಿಯುವ ಕಾರ್ಬೈಡ್ ಸುಣ್ಣ ಬಹುಪಾಲು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ತೋರಣಗಲ್ಲಿನ ಕಡೆ ಉಕ್ಕು ಕರಗಿಸುವಾಗ ಬರುವ ಕಿಟ್ಟದಲ್ಲಿ ಬಿಡಿ ಸುಣ್ಣ ಇರುತ್ತದೆ. ಊದುಕುಲುಮೆಯ ಗಾಜಿನಂಥ ಕಿಟ್ಟವಾಗಲಿ, ಹುಬ್ಬಳ್ಳಿಯ ಫೌಂಡ್ರಿಗಳ ಕಿಟ್ಟವಾಗಲಿ ಈ ಕೆಲಸಕ್ಕೆ ಬಾರದು. ಗುರುತು ಹಿಡಿಯಲು ಒಂದು ಹಿಡಿ ಕಿಟ್ಟವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ (ಆಸಿಡ್ ಅಲ್ಲ) 24 ತಾಸು ನೆನೆಸಿ. ಪಿಎಚ್ 11 ದಾಟದಿದ್ದರೆ ಲಾರಿ ಬಾಡಿಗೆ ದಂಡ. ಕಾರ್ಬೈಡ್ ಸುಣ್ಣಕ್ಕೆ ನಿಂಬೆರಸ ಹಿಂಡಿ. ಜೋರಾಗಿ ನೊರೆ ಬಂದರೆ ಅದು ಹಳತಾಗಿ ಕಾರ್ಬೊನೇಟ್ ಆಗಿದೆ, ಬಲ ಕುಗ್ಗಿದೆ.

ಎಷ್ಟು ಸುಣ್ಣ?

ಇಲ್ಲಿ ಅಂದಾಜು ನಡೆಯುವುದಿಲ್ಲ. 20 ಲೀಟರ್ ಬಕೆಟ್ 40 ಸೆಕೆಂಡಿನಲ್ಲಿ ತುಂಬಿದರೆ ಹರಿವು ಸೆಕೆಂಡಿಗೆ ಅರ್ಧ ಲೀಟರ್, ದಿನಕ್ಕೆ 43,200 ಲೀಟರ್. ಬೇಸಿಗೆಯಲ್ಲೊಮ್ಮೆ, ದೊಡ್ಡ ಮಳೆಯ ಮರುದಿನವೊಮ್ಮೆ ಅಳೆಯಿರಿ.

ಲ್ಯಾಬ್ ವರದಿಯಲ್ಲಿರುವ ಲೀಟರಿಗಿಷ್ಟು ಮಿಲಿಗ್ರಾಂ ಲೆಕ್ಕವನ್ನು ಹೀಗೆ ಗುಣಿಸಿ: ಫೆರಿಕ್ ಕಬ್ಬಿಣ 2.68, ಫೆರಸ್ ಕಬ್ಬಿಣ 1.79, ಅಲ್ಯುಮಿನಿಯಂ 5.56, ಮ್ಯಾಂಗನೀಸ್ 1.82. ಬಂದದ್ದನ್ನೆಲ್ಲ ಕೂಡಿಸಿ, ಪಿಎಚ್ 3 ಇದ್ದರೆ ಮೇಲೆ 50 ಸೇರಿಸಿ. ಪಿಎಚ್ 3, ಫೆರಿಕ್ ಕಬ್ಬಿಣ 100, ಅಲ್ಯುಮಿನಿಯಂ 20, ಮ್ಯಾಂಗನೀಸ್ 10 ಇದ್ದ ನೀರಿನ ಆಮ್ಲೀಯತೆ ಸುಮಾರು 447 ಮಿಲಿಗ್ರಾಂ. ಇದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕ. ಅದನ್ನು 0.74ರಿಂದ ಗುಣಿಸಿದರೆ 331 ಮಿಲಿಗ್ರಾಂ ಹೈಡ್ರಾಕ್ಸೈಡ್. ಸುಣ್ಣದ ಶುದ್ಧತೆ ನೂರಕ್ಕೆ 85 ಎಂದಾದರೆ ಒಣ ಸುಣ್ಣ ಲೀಟರಿಗೆ 390 ಮಿಲಿಗ್ರಾಂ, ದಿನಕ್ಕೆ ಸುಮಾರು 17 ಕಿಲೊ. ಅರ್ಧ ನೀರೇ ಇರುವ ಹಸಿ ಗಸಿಯಾದರೆ 34 ಕಿಲೊ.

ಲೆಕ್ಕವನ್ನು ಬಾಟಲಿಯಲ್ಲಿ ಪರೀಕ್ಷಿಸಿ. 50 ಗ್ರಾಂ ಒಣ ಸುಣ್ಣವನ್ನು ನೀರಿನಲ್ಲಿ ಕಲಸಿ ಒಂದು ಲೀಟರ್ ಸುಣ್ಣದ ಹಾಲು ಮಾಡಿಕೊಳ್ಳಿ. ಲೀಟರ್ ಹುಳಿನೀರಿನ ಐದು ಬಾಟಲಿಗಳಿಗೆ 4, 6, 8, 10, 12 ಮಿಲಿ ಹಾಕಿ, ಒಂದು ತಾಸು ಗಾಳಿಯಾಡುವಂತೆ ಕಲಕಿ, ಒಂದು ದಿನ ಬಿಡಿ. ಪಿಎಚ್ ಮೊದಲು ಏರಿ ಮರುದಿನ ಇಳಿದಿದ್ದರೆ ಫೆರಸ್ ಕಬ್ಬಿಣ ಉಳಿದಿತ್ತೆಂದು ಅರ್ಥ. ಅದು ಫೆರಿಕ್ ಆಗುವಾಗ ಮತ್ತೆ ಆಮ್ಲ ಬಿಡುತ್ತದೆ. ಆಗ ಸುಣ್ಣ ಹೆಚ್ಚಿಸುವ ಮೊದಲು ಗಾಳಿ ಹೆಚ್ಚಿಸಿ.

ಎರಡು ಹಂತ ಯಾಕೆ

ಪಿಎಚ್ ಒಂದೇಟಿಗೆ 9.5ಕ್ಕೆ ಏರಿಸಿದರೆ ಎಲ್ಲ ಲೋಹವೂ ಕೂರುತ್ತದೆ ಎಂಬುದು ದೊಡ್ಡ ತಪ್ಪು. ಆರ್ಸೆನಿಕ್ ಕಬ್ಬಿಣದ ಗಸಿಗೆ ಅಂಟಿಕೊಂಡು ಹೋಗುವುದು ಪಿಎಚ್ 5ರಿಂದ 7ರಲ್ಲಿ. ಕ್ಷಾರ ಹೆಚ್ಚಾದರೆ ಕೈ ಬಿಡುತ್ತದೆ. ಅಲ್ಯುಮಿನಿಯಂ ಕೂಡ 9ರ ಮೇಲೆ ಮತ್ತೆ ಕರಗುತ್ತದೆ. ಮ್ಯಾಂಗನೀಸ್‌ಗೆ ಮಾತ್ರ 9ರ ಮೇಲೇ ಬೇಕು.

ಆದ್ದರಿಂದ ಮೊದಲ ಹೊಂಡದಲ್ಲಿ 6.5ಕ್ಕೆ ನಿಲ್ಲಿಸಿ. ಈ ಹಂತಕ್ಕೆ ಲೆಕ್ಕಕ್ಕಿಂತ ಕಡಿಮೆ ಸುಣ್ಣ ಸಾಕು. ಮ್ಯಾಂಗನೀಸ್‌ನ ಪಾಲು ಇನ್ನೂ ಖರ್ಚಾಗಿರುವುದಿಲ್ಲ. 200 ಲೀಟರ್ ಬ್ಯಾರಲ್‌ಗೆ 10 ಕಿಲೊ ಒಣ ಸುಣ್ಣ ಕಲಸಿ, ಸೊಳ್ಳೆಪರದೆಯ ಬಟ್ಟೆಯಲ್ಲಿ ಸೋಸಿ, ನಿಮಿಷಕ್ಕೆ 200 ಮಿಲಿಯಿಂದ ಶುರು ಮಾಡಿ. ಕಲಕುವುದು ನಿಂತರೆ ಸುಣ್ಣ ತಳಕ್ಕೆ ಕೂತು ನಲ್ಲಿ ಕಟ್ಟುತ್ತದೆ, ಹೊಂಡಕ್ಕೆ ಬರೀ ನೀರು ಹೋಗುತ್ತದೆ. ಹೊಂಡಕ್ಕೆ ಮುಂಚೆ ಕಲ್ಲಿನ ಮೆಟ್ಟಿಲಿರುವ ಅಂಕುಡೊಂಕು ಕಾಲುವೆ ಮಾಡಿ. 12×5 ಮೀಟರ್, 1.5 ಮೀಟರ್ ಆಳದ ಹೊಂಡದಲ್ಲಿ ಈ ಹರಿವು ಎರಡು ದಿನ ನಿಲ್ಲುತ್ತದೆ. ತಳಕ್ಕೆ ಎರೆಮಣ್ಣು ಮೆತ್ತಿ ಸುಮ್ಮನಾಗಬೇಡಿ, ಒಣಗಿದರೆ ಬಿರಿಯುತ್ತದೆ. ಕೃಷಿಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯೇ ಸೈ.

ತಿಳಿನೀರು ಎರಡನೇ ಹೊಂಡಕ್ಕೆ ಹೋಗುವಲ್ಲಿ, ಮ್ಯಾಂಗನೀಸ್ ಕೂರಿಸಲು, ಕಿಟ್ಟದ ಸರದಿ. ಹುಳಿನೀರನ್ನು ನೇರ ಕಿಟ್ಟದ ಮೇಲೆ ಬಿಡಬಾರದು: ಕಬ್ಬಿಣ ಕಲ್ಲಿನ ಮೇಲೆ ಕವಚ ಕಟ್ಟಿ ಒಳಗಿನ ಸುಣ್ಣ ಸಿಗದಂತೆ ಮಾಡುತ್ತದೆ. ಕಿಟ್ಟದ ಮೂಲಕ ಹೋಗಬೇಕಾದ್ದು ಕೃಷಿಹೊಂಡದ ಮಳೆನೀರು. ಅದು ಕ್ಷಾರ ಹೊತ್ತು ಬಂದು ಎರಡನೇ ಹೊಂಡ ಸೇರಲಿ. ಸೆಕೆಂಡಿಗೆ ಕಾಲು ಲೀಟರ್ ಹರಿವಿಗೆ, ಎರಡು ತಾಸು ನಿಲ್ಲಲು, ನೀರು ಕಿಟ್ಟದ ಸಂದಿಗಳಲ್ಲಷ್ಟೇ ನಿಲ್ಲುವುದರಿಂದ, ಸುಮಾರು 4.5 ಘನ ಮೀಟರ್ ಕಿಟ್ಟ ಬೇಕು, ಅಂದರೆ ಒಂದೂವರೆ ಬ್ರಾಸ್‌ಗಿಂತ (ಒಂದು ಬ್ರಾಸ್ ಎಂದರೆ 100 ಘನ ಅಡಿ) ತುಸು ಹೆಚ್ಚು. ಹೊರಬಾಯಿಯಲ್ಲಿ ಗಾಳಿ ತಗುಲಿದೊಡನೆ ಸುಣ್ಣದ ಗಟ್ಟಿ ಪೊರೆ ಕಟ್ಟುವುದರಿಂದ ಪೈಪ್ ದಪ್ಪನೆಯದಿರಲಿ, ಬಿಚ್ಚಲು ಬರುವಂತಿರಲಿ. ಕೊನೆಗೆ ಆಳವಿಲ್ಲದ ತೆರೆದ ಹೊಂಡದಲ್ಲಿ ನಿಂತ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ 9ರ ಕೆಳಗೆ ಇಳಿಯುತ್ತದೆ.

ಹಳ್ಳಕ್ಕೆ ಬಿಡುವ ನೀರಿನ ಮಿತಿ: ಪಿಎಚ್ 5.5ರಿಂದ 9, ಲೀಟರಿಗೆ ಕಬ್ಬಿಣ 3, ಮ್ಯಾಂಗನೀಸ್ 2, ಆರ್ಸೆನಿಕ್ 0.2 ಮಿಲಿಗ್ರಾಂ. ಕಿಟ್ಟದಿಂದ ವೆನೇಡಿಯಂ, ಆರು ವೇಲೆನ್ಸಿಯ ಕ್ರೋಮಿಯಂನಂಥ ವಿಷಲೋಹ ಬಿಟ್ಟೀತು, ಖರೀದಿಗೆ ಮೊದಲೇ ಅದರ ನೆನೆನೀರನ್ನು ಲ್ಯಾಬಿಗೆ ಕೊಡಿ. ಎಲೆಕ್ಟ್ರೋಪ್ಲೇಟಿಂಗ್ ಗಸಿಯನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. ಕಸ ಸಾಗಿಸುವ ಮೊದಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ. ಅಪಾಯಕಾರಿ ಎಂದು ಪಟ್ಟಿಯಾದುದಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಅನುಮತಿ ಕಡ್ಡಾಯ. ಕಪ್ಪತಗುಡ್ಡದ ವನ್ಯಧಾಮದೊಳಗಾದರೆ ಅರಣ್ಯ ಇಲಾಖೆಯದ್ದೂ ಬೇಕು.

ಕಾರ್ಬೈಡ್ ಸುಣ್ಣದಲ್ಲಿ ಕರಗದ ಕಾರ್ಬೈಡ್ ಚೂರು ಉಳಿದಿದ್ದರೆ ನೀರು ಬಿದ್ದಾಗ ಅಸಿಟಿಲೀನ್ ಏಳುತ್ತದೆ. ಬ್ಯಾರಲ್ ಬಳಿ ಬೀಡಿ ಬೇಡ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲಿ.

ಹೊಂಡದ ಅರ್ಧ ಗಸಿ ತುಂಬುವ ಮೊದಲೇ ತೆಗೆಯಿರಿ, ಬೇಸಿಗೆಯಲ್ಲಿ ಒಣಗಿಸಿದರೆ ಗಾತ್ರ ಬಹಳ ಕುಗ್ಗುತ್ತದೆ. ಅದರಲ್ಲಿ ಆರ್ಸೆನಿಕ್ ಇರುವುದರಿಂದ ಹೊಲಕ್ಕೆ ಗೊಬ್ಬರವೆಂದು ಒಯ್ಯಬಾರದು, ಹುಳಿನೀರು ತಾಗುವ ಕಡೆ ಸುರಿದರೆ ಲೋಹ ಮತ್ತೆ ಕರಗಿ ಹಳ್ಳಕ್ಕೇ ಬರುತ್ತದೆ.